ಷರಾಯಿಯ ಒಳಮಗ್ಗುಲು

ಕಳೆದ ಬೇಸಗೆಯಲ್ಲಿ ನನ್ನ ತಂಗಿಯ ಮೊಮ್ಮಗನು ಹೊಸ ಷರಾಯಿಯೊಂದನ್ನು ತೊಟ್ಟು ನಮ್ಮ ಮನೆಗೆ ಬಂದಿದ್ದನು. ಪಿ.ಯು.ಸಿ. ಮುಗಿಸಿ ಕಾಲೇಜು ಸೇರುವ ಸಂಭ್ರಮದಲ್ಲಿದ್ದ ಹುಡುಗ. 3,200 ರೂಪಾಯಿ ಕೊಟ್ಟು ತಂದುದೆಂದು ಅವನ ತಾಯಿ ಮೆಲ್ಲಗೆ ಹೇಳಿದಳು. “ತಾತ, ಇದು ಡಿಸೈನರ್ ಪ್ಯಾಂಟು. ಇಸ್ತ್ರಿಯೇ ಬೇಡ, ಒಗೆದು ಕೊಡವಿ ಹಾಕಿದರೆ ಮುಗಿಯಿತು” ಎಂದು ಅವನು ಗಟ್ಟಿಯಾಗಿಯೇ ಹೇಳಿದನು. ನೋಡುವುದಕ್ಕೆ ಷರಾಯಿ ಚೆನ್ನಾಗಿತ್ತು. ಬಣ್ಣವೂ ಹಿತವಾಗಿತ್ತು, ಮಡಿಕೆಯ ಗೆರೆಯೂ ಕತ್ತಿಯ ಅಲಗಿನಂತೆ ನಿಂತಿತ್ತು. ಆದರೆ ಅರ್ಧ ಗಂಟೆ ಕುಳಿತಿರುವಷ್ಟರಲ್ಲಿ ಅವನು ನಾಲ್ಕಾರು ಸಲ ತೊಡೆಯ ಮೇಲಿನ ಬಟ್ಟೆಯನ್ನು ಬೆರಳಿನಿಂದ ಹಿಡಿದೆತ್ತಿ ಬಿಡಿಸಿಕೊಂಡುದನ್ನು ಕಂಡೆನು. ಸೊಂಟದ ಒಳಮಗ್ಗುಲಿನಲ್ಲಿರುವ ಚೀಟಿಯನ್ನು ನೋಡಿ ಹೇಳೆಂದೆ. ನೂರಕ್ಕೆ ನೂರು ಪಾಲಿಯೆಸ್ಟರ್.

ಆ ಬೆರಳಿನ ಚಲನೆ ನನಗೆ ಚಿರಪರಿಚಿತವಾದುದು. 1970ರ ದಶಕದಲ್ಲಿ ನಾವು ವಿದ್ಯಾರ್ಥಿಗಳಾಗಿದ್ದಾಗ ಟೆರಿಲಿನ್, ಟೆರಿಕಾಟ್ ಎಂಬ ಮಾತುಗಳಿಗೆ ಇಂದಿನ ಯಾವ ಕಂಪೆನಿಯ ಹೆಸರಿಗೂ ಇಲ್ಲದ ಬೆಲೆಯಿತ್ತು. ಹತ್ತಿಯ ಷರಾಯಿ ತೊಟ್ಟವನು ಬಡವ, ಟೆರಿಕಾಟ್ ತೊಟ್ಟವನು ಅನುಕೂಲಸ್ಥ ಎಂಬ ಎಣಿಕೆ. ನಮ್ಮ ತಂದೆಯವರು ದೀಪಾವಳಿಗೆ ಒಂದು ತುಂಡು ಬಟ್ಟೆ ತಂದು ದರ್ಜಿಯ ಬಳಿ ಅಳತೆ ಕೊಡಿಸಿದರು. ಕಾಲ ತುದಿ ನೆಲ ಗುಡಿಸುವಷ್ಟು ಅಗಲವಾಗಿರಬೇಕೆಂದು ನಾನು ಹಟ ಹಿಡಿದೆ. ಅದೇ ಅಂದಿನ ಬೆಲ್ ಬಾಟಮ್. ಏಪ್ರಿಲ್ ತಿಂಗಳ ಪರೀಕ್ಷೆಯಲ್ಲಿ ಮೂರು ಗಂಟೆಗಳ ಕಾಲ ಅದನ್ನು ತೊಟ್ಟು ಕುಳಿತಾಗ ಬೆವರು ಮಂಡಿಯಿಂದ ಹಿಮ್ಮಡಿಗೆ ಹನಿಹನಿಯಾಗಿ ಇಳಿದುದನ್ನು ಇಂದಿಗೂ ಮರೆತಿಲ್ಲ. ಇನ್ನೊಂದು ದಿನ ಪ್ರಯೋಗಶಾಲೆಯಲ್ಲಿ ಕಾದ ಗಾಜಿನ ಕಡ್ಡಿಯೊಂದು ತೊಡೆಯ ಮೇಲೆ ಬಿತ್ತು. ಬಟ್ಟೆ ಉರಿಯಲಿಲ್ಲ, ಕರಗಿತು. ಬಟಾಣಿ ಗಾತ್ರದ ತೂತಿನ ಸುತ್ತ ಗಟ್ಟಿಯಾದ ಕಪ್ಪು ಅಂಚು ನಿಂತಿತು. ಅದರ ಗುರುತು ನನ್ನ ಚರ್ಮದ ಮೇಲೆ ಈಗಲೂ ಇದೆ.

ತರುಣರು ಚೆಲುವಾದ ಉಡುಪನ್ನು ಬಯಸುವುದರಲ್ಲಿ ತಪ್ಪೇನೂ ಇಲ್ಲ. ಡಿಸೈನ್ ಎಂಬ ಮಾತಿಗೂ ನಾನು ವೈರಿಯಲ್ಲ. ಆದರೆ ವಿನ್ಯಾಸವೆಂದರೆ ಏನು? ಯಾವ ನಾರು, ಯಾವ ನೇಯ್ಗೆ, ಎಷ್ಟು ತೂಕ, ಎಂತಹ ಕತ್ತರಿಕೆ, ಯಾವ ರಾಸಾಯನಿಕ ಸಂಸ್ಕಾರ ಎಂಬ ಐದು ಪ್ರಶ್ನೆಗಳಿಗೆ ಯಾರೋ ಒಬ್ಬರು ಕೊಟ್ಟಿರುವ ಉತ್ತರ. ಅಂಗಡಿಯಲ್ಲಿ ನಾವು ಹಣ ಕೊಡುವುದು ಆ ಉತ್ತರಗಳಿಗೆ. ಆದುದರಿಂದ ಅವುಗಳನ್ನು ಓದಿ ನೋಡದೆ ಹಿಂಭಾಗದ ಜೇಬಿನ ಮೇಲಿನ ಹೆಸರನ್ನು ಮಾತ್ರ ಓದಿ ಕೊಳ್ಳುವುದು ವಿಜ್ಞಾನದ ವಿದ್ಯಾರ್ಥಿಗೆ ಶೋಭಿಸುವ ಕೆಲಸವಲ್ಲವೆಂಬುದೇ ನನ್ನ ವಾದ.

ಮೊದಲು ನಾರಿನ ವಿಷಯ. “ಸುಖವಾಗಿರಬೇಕು, ಸುಕ್ಕುಗಟ್ಟಬಾರದು” ಎಂದು ಎಲ್ಲರೂ ಒಂದೇ ಉಸಿರಿನಲ್ಲಿ ಕೇಳುತ್ತಾರೆ. ಈ ಎರಡು ಬೇಡಿಕೆಗಳೂ ನೀರಿನ ಅಣುವಿಗೆ ಸಂಬಂಧಿಸಿದುವು, ಮತ್ತು ಅವು ಒಂದಕ್ಕೊಂದು ಎದುರಾಗಿ ನಿಂತಿವೆ. ಹತ್ತಿಯ ನಾರು ಬಹುಮಟ್ಟಿಗೆ ಸೆಲ್ಯುಲೋಸ್. ಅದರ ಉದ್ದನೆಯ ಸರಪಣಿಗಳಂತಹ ಅಣುಗಳ ಮೈತುಂಬ ಆಮ್ಲಜನಕ-ಜಲಜನಕಗಳ ಜೋಡಿಗಳು ಚಾಚಿಕೊಂಡಿರುತ್ತವೆ. ಪಕ್ಕಪಕ್ಕದ ಸರಪಣಿಗಳು ಈ ಜೋಡಿಗಳ ಮೂಲಕ ಒಂದನ್ನೊಂದು ಹಗುರವಾಗಿ ಹಿಡಿದುಕೊಂಡಿರುವುವು; ಇದಕ್ಕೆ ಜಲಜನಕ ಬಂಧವೆಂದು ಹೆಸರು. ಬೆವರಿನ ಆವಿ ತಗುಲಿದೊಡನೆ ನೀರಿನ ಅಣುಗಳು ಈ ಸರಪಣಿಗಳ ನಡುವೆ ನುಗ್ಗಿ ತಾವೇ ಆ ಕೈಗಳನ್ನು ಹಿಡಿದುಕೊಳ್ಳುತ್ತವೆ. ಹೀಗೆ ಸಾಮಾನ್ಯ ಹವೆಯಲ್ಲಿ 100 ಗ್ರಾಂ ಒಣ ಹತ್ತಿ ಸುಮಾರು 8 ಗ್ರಾಂ ನೀರನ್ನು ಗಾಳಿಯಿಂದಲೇ ಹೀರಿಕೊಂಡಿರುತ್ತದೆ. ಮುಟ್ಟಿದರೆ ಒದ್ದೆಯೆಂದು ತೋರುವುದೂ ಇಲ್ಲ. ಉಣ್ಣೆ 16 ಗ್ರಾಂವರೆಗೆ ಹೀರುತ್ತದೆ. ಪಾಲಿಯೆಸ್ಟರ್ ಹೀರುವುದು ಅರ್ಧ ಗ್ರಾಂಗಿಂತಲೂ ಕಡಿಮೆ.

ಮೈಯಿಂದ ಹೊರಟ ಆವಿಯನ್ನು ಹೀಗೆ ಒಳಗೆ ಸೇರಿಸಿಕೊಂಡು, ನಿಧಾನವಾಗಿ ಹೊರಗಾಳಿಗೆ ಬಿಟ್ಟುಕೊಡುವುದರಿಂದಲೇ ಹತ್ತಿಯ ಬಟ್ಟೆ ತಣ್ಣಗೆನಿಸುವುದು. ಒಂದು ಗ್ರಾಂ ಬೆವರು ಆರುವಾಗ ಮೈಯಿಂದ ಸುಮಾರು 580 ಕ್ಯಾಲೊರಿ ಶಾಖವನ್ನು ಕೊಂಡೊಯ್ಯುತ್ತದೆಂಬುದನ್ನು ಭೌತಶಾಸ್ತ್ರದಲ್ಲಿ ನೀವು ಓದಿದ್ದೀರಿ. ಆದರೆ ಅದೇ ನೀರು ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಸರಪಣಿಗಳ ಹಿಡಿತ ಸಡಿಲವಾಗಿರುವಾಗ ನೀವು ಬೆಂಚಿನ ಮೇಲೆ ಕುಳಿತರೆ ಅವು ಜಾರಿ ಹೊಸ ಜಾಗಕ್ಕೆ ಹೋಗುತ್ತವೆ. ಬಟ್ಟೆ ಆರಿದಾಗ ಆ ಹೊಸ ಜಾಗದಲ್ಲಿಯೇ ಮತ್ತೆ ಕೈ ಹಿಡಿದುಕೊಳ್ಳುತ್ತವೆ. ಅದೇ ಸುಕ್ಕು. ಇಸ್ತ್ರಿಯವನು ನೀರು ಚಿಮುಕಿಸಿ ಕಾದ ಪೆಟ್ಟಿಗೆಯನ್ನು ಒತ್ತುವಾಗ ನಡೆಯುವುದೂ ಇದೇ ಕ್ರಿಯೆ. ಅವನು ಸರಪಣಿಗಳನ್ನು ಮಟ್ಟಸವಾಗಿ ಕೂರಿಸಿ ಆರಿಸುತ್ತಾನೆ, ನೀವು ಸೊಟ್ಟಗೆ ಕೂರಿಸಿ ಆರಿಸುತ್ತೀರಿ. ನೀರಿಗೆ ಬಾಗಿಲು ತೆರೆದಿರುವ ನಾರು ಸುಖವನ್ನೂ ಕೊಡುತ್ತದೆ, ಸುಕ್ಕನ್ನೂ ಕೊಡುತ್ತದೆ. ಬಾಗಿಲು ಮುಚ್ಚಿದ ನಾರಿನಲ್ಲಿ ಎರಡೂ ಇಲ್ಲ.

ಪಾಲಿಯೆಸ್ಟರ್ ಬಾಗಿಲು ಮುಚ್ಚಿದ ನಾರು. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ರಸಾಯನಶಾಸ್ತ್ರಜ್ಞರು ಇದನ್ನು ಕಂಡುಹಿಡಿದರು. ಟೆರಿಲಿನ್ ಎಂಬುದು ಅದರ ಮೊದಲ ಹೆಸರು. ಸುಮಾರು 70-80 ಡಿಗ್ರಿ ಸೆಲ್ಸಿಯಸ್ ಉಷ್ಣತೆ ತಲಪುವವರೆಗೆ ಅದರ ಅಣುಗಳು ಕದಲುವುದಿಲ್ಲ. ಆದುದರಿಂದಲೇ ಕಾರ್ಖಾನೆಯಲ್ಲಿ ಶಾಖ ಕೊಟ್ಟು ಕೂರಿಸಿದ ಗೆರೆ ಎಷ್ಟು ತೊಳೆದರೂ ಹೋಗುವುದಿಲ್ಲ, ನೀವು ಕುಳಿತ ಸುಕ್ಕು ನಿಲ್ಲುವುದೂ ಇಲ್ಲ. ಹತ್ತಿಯನ್ನೂ ಇದನ್ನೂ ಬೆರೆಸಿ ನೇಯ್ದುದು ನಮ್ಮ ಟೆರಿಕಾಟ್. ಒಳ್ಳೆಯ ಸಂಧಾನ; ಆದರೆ ಸಂಧಾನದಲ್ಲಿ ಯಾರ ಪಾಲು ಎಷ್ಟೆಂಬುದು ಮುಖ್ಯ. ಚೀಟಿಯಲ್ಲಿ 65 ಪಾಲಿಯೆಸ್ಟರ್, 35 ಹತ್ತಿ ಎಂದಿದ್ದರೆ ಅದು ಇಸ್ತ್ರಿಯ ಪಕ್ಷಕ್ಕೆ ಸೇರಿದ ಬಟ್ಟೆ. ಅಂಕಿಗಳು ತಿರುವುಮುರುವಾಗಿದ್ದರೆ ಮೈಯ ಪಕ್ಷ.

ಇಲ್ಲಿ ಒಂದು ತಿದ್ದುಪಡಿಯನ್ನು ಸೇರಿಸದಿದ್ದರೆ ಅನ್ಯಾಯವಾದೀತು. ಆಟದ ಉಡುಪುಗಳಲ್ಲಿ ಬಳಸುವ ಪಾಲಿಯೆಸ್ಟರಿನ ಎಳೆಗಳನ್ನು ಬಹು ಸೂಕ್ಷ್ಮವಾಗಿ, ಮೈಮೇಲೆ ತೋಡುಗಳಿರುವಂತೆ ತೆಗೆಯುತ್ತಾರೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಬೆವರು ಆ ತೋಡುಗಳ ಗುಂಟ ಹೊರಕ್ಕೆ ಹರಿದು ಆರುತ್ತದೆ. ಪಾಲಿಯೆಸ್ಟರ್ ಎಂದೊಡನೆ ಸೆಕೆಯೆಂದು ತೀರ್ಮಾನಿಸಲಾಗದು. ಆದರೆ ಒತ್ತಾಗಿ ನೇಯ್ದ ನಯವಾದ ನಿತ್ಯದ ಷರಾಯಿಯ ಬಟ್ಟೆಯಲ್ಲಿ ಈ ಸೌಕರ್ಯವನ್ನು ನಾನು ಕಂಡುದು ಅಪರೂಪ.

ಹತ್ತಿಯನ್ನೇ ಸುಕ್ಕಾಗದಂತೆ ಮಾಡಬಾರದೇ? ಮಾಡಿದ್ದಾರೆ. ಅಮೆರಿಕದ ನ್ಯೂ ಆರ್ಲಿಯನ್ಸಿನಲ್ಲಿರುವ ಸರ್ಕಾರಿ ಕೃಷಿ ಸಂಶೋಧನಾಲಯದಲ್ಲಿ 1950ರ ದಶಕದಿಂದ ದುಡಿದ ರೂತ್ ಬೆನೆರಿಟೊ ಎಂಬ ಮಹಿಳಾ ವಿಜ್ಞಾನಿಯ ಹೆಸರು ಈ ಕೆಲಸದೊಡನೆ ಬೆಸೆದುಕೊಂಡಿದೆ. ಪಕ್ಕಪಕ್ಕದ ಸೆಲ್ಯುಲೋಸ್ ಸರಪಣಿಗಳ ನಡುವೆ ಏಣಿಯ ಮೆಟ್ಟಿಲುಗಳಂತೆ ಗಟ್ಟಿಯಾದ ರಾಸಾಯನಿಕ ಕೊಂಡಿಗಳನ್ನು ಹಾಕಿದರೆ, ನೀರು ಬಂದರೂ ಅವು ಜಾರಲಾರವು. 55 ಸ್ವಾಮ್ಯಪತ್ರಗಳನ್ನು ಪಡೆದ ಆಕೆ 2013ರಲ್ಲಿ 97ನೆಯ ವಯಸ್ಸಿನಲ್ಲಿ ತೀರಿಕೊಂಡರು. ‘ರಿಂಕಲ್ ಫ್ರೀ ಕಾಟನ್’ ಎಂದು ಇಂದು ಮಾರುವ ಷರಾಯಿಗಳು ಈ ಬಗೆಯ ಸಂಶೋಧನೆಯ ಸಂತಾನ. ಆದರೆ ಇದಕ್ಕೂ ತೆರಿಗೆಯುಂಟು. ಕೊಂಡಿ ಹಾಕಿಸಿಕೊಂಡ ನಾರು ಪೆಡಸಾಗಿ ಬಲವನ್ನು ಗಣನೀಯವಾಗಿ ಕಳೆದುಕೊಳ್ಳುತ್ತದೆ; ಕಾಲ ತುದಿಯ ಮಡಿಕೆ, ಜೇಬಿನ ಅಂಚು ಬೇಗನೆ ಸವೆಯುತ್ತವೆ. ಬಹುಕಾಲದಿಂದ ಬಳಕೆಯಲ್ಲಿರುವ ಕೊಂಡಿಗಳು ಫಾರ್ಮಾಲ್ಡಿಹೈಡಿನಿಂದ ಹುಟ್ಟಿದುವು. ಹೊಸ ಬಟ್ಟೆಯಿಂದ ಅದು ಅತ್ಯಲ್ಪ ಪ್ರಮಾಣದಲ್ಲಿ ಹೊರಬೀಳುವುದುಂಟು, ಕೆಲವರ ಚರ್ಮಕ್ಕೆ ಅದು ಒಗ್ಗುವುದಿಲ್ಲ. ಹೊಸ ಷರಾಯಿಯನ್ನು ಒಮ್ಮೆ ಒಗೆದು ತೊಡುವುದು ಒಳ್ಳೆಯದು. ಹಬ್ಬದ ದಿನ ಹೊಸಬಟ್ಟೆಗೆ ಅರಿಸಿನ ಹಚ್ಚಿ ಹಾಗೆಯೇ ಉಡುವ ಪದ್ಧತಿಗೆ ನಾನು ಅಡ್ಡಿ ಬರುತ್ತಿದ್ದೇನೆಂದು ಮನೆಯ ಹಿರಿಯರು ಮುನಿಯದಿರಲಿ.

ಇನ್ನು ನೇಯ್ಗೆ. ಹಾಸಿನ ನೂಲು ಹೊಕ್ಕಿನ ನೂಲನ್ನು ಒಂದು ಬಿಟ್ಟು ಒಂದು ದಾಟಿದರೆ ಸಾದಾ ನೇಯ್ಗೆ. ಎರಡು ಅಥವಾ ಮೂರು ನೂಲುಗಳನ್ನು ಹಾರಿ ಒಂದರ ಕೆಳಗೆ ಹೋದರೆ ಓರೆ ಗೆರೆಗಳು ಮೂಡುವ ಟ್ವಿಲ್. ಟ್ವಿಲ್ಲಿನಲ್ಲಿ ನೂಲುಗಳು ಸಂಧಿಸುವ ಗಂಟುಗಳು ಕಡಿಮೆ. ಆದುದರಿಂದ ಹೆಚ್ಚು ನೂಲನ್ನು ಒತ್ತಾಗಿ ತುಂಬಿದರೂ ಬಟ್ಟೆ ಬಳುಕುತ್ತದೆ, ಮಡಿಚಿ ಬಿಟ್ಟರೆ ಚೇತರಿಸಿಕೊಳ್ಳುತ್ತದೆ. ಶುದ್ಧ ಹತ್ತಿಯೇ ಬೇಕು, ಸುಕ್ಕೂ ಹೆಚ್ಚಾಗಬಾರದು ಎನ್ನುವವರಿಗೆ ಯಾವ ರಾಸಾಯನಿಕವೂ ಇಲ್ಲದೆ ದೊರೆಯುವ ಸಹಾಯವಿದು.

ಜೀನ್ಸ್ ಬಟ್ಟೆಯೂ ಟ್ವಿಲ್ಲೇ. ನಮ್ಮ ಬಳ್ಳಾರಿಯಲ್ಲಿ ಅದನ್ನು ಹೊಲಿಯುವ ನೂರಾರು ಸಣ್ಣ ಘಟಕಗಳಿವೆ; ಅಲ್ಲಿ ಹೊಲಿದುದನ್ನು ತೊಟ್ಟ ಎಷ್ಟೋ ಮಂದಿಗೆ ಅದು ಬಳ್ಳಾರಿಯದೆಂದು ತಿಳಿದಿರುವುದಿಲ್ಲ. ಅದರ ಹಾಸಿನ ನೂಲಿಗೆ ಮಾತ್ರ ನೀಲಿ ಬಣ್ಣ, ಹೊಕ್ಕು ಬಿಳಿ. ನೀಲಿಯ ಅಣುಗಳು ನೂಲಿನ ಹೊರಪದರದಲ್ಲಿ ನಿಲ್ಲುತ್ತವೆಯೇ ಹೊರತು ತಿರುಳಿಗೆ ಇಳಿಯುವುದಿಲ್ಲ. ಉಜ್ಜಿದ ಕಡೆಯಲ್ಲಿ ಬಿಳಿ ತಿರುಳು ಇಣುಕುತ್ತದೆ. ವರ್ಷಗಟ್ಟಲೆ ತೊಟ್ಟ ಜೀನ್ಸಿನ ಮಂಡಿಯಲ್ಲಿ ಕಾಣುವ ಮಸಕು ಅದೇ. ಹೊಲಿಗೆಯ ಚರಿತ್ರೆಯೂ ಬೋಧಪ್ರದವಾಗಿದೆ. ಅಮೆರಿಕದ ನೆವಾಡದಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿಯಿದ್ದನು. ಕೂಲಿಗಾರರ ಷರಾಯಿಗಳು ಜೇಬಿನ ಮೂಲೆಯಲ್ಲಿಯೇ ಹರಿಯುವುದನ್ನು ಕಂಡು, ಎಳೆತವೆಲ್ಲ ಒಂದು ಬಿಂದುವಿಗೆ ಬಂದು ಕೂಡುವ ಆ ಜಾಗಕ್ಕೆ ಲೋಹದ ರಿವೆಟ್ಟು ಬಡಿದನು. ಬಟ್ಟೆ ಒದಗಿಸುತ್ತಿದ್ದ ಲೆವಿ ಸ್ಟ್ರಾಸ್ ಎಂಬ ವರ್ತಕನೊಡನೆ ಸೇರಿ 1873ರ ಮೇ 20ರಂದು ಅದಕ್ಕೆ ಸ್ವಾಮ್ಯಪತ್ರ ಪಡೆದನು. ಜಗತ್ತಿನ ಅತ್ಯಂತ ಹೆಸರುವಾಸಿಯಾದ ಷರಾಯಿಯ ವಿನ್ಯಾಸವು ಎಲ್ಲಿ ಹರಿಯುತ್ತದೆ, ಏಕೆ ಹರಿಯುತ್ತದೆ ಎಂಬ ವಿಚಾರಣೆಯಿಂದ ಹುಟ್ಟಿತು.

ಅಂತಹ ಬಟ್ಟೆಗೆ ಈಗ ಒದಗಿರುವ ಗತಿಯನ್ನು ನೋಡಿ! ಹೊಸದಾಗಿ ನೇಯ್ದುದನ್ನು ಮಾರುವ ಮೊದಲೇ ಹಳೆಯದಾಗಿಸುತ್ತಾರೆ. ಹಗುರವಾದ ನೊರೆಗಲ್ಲುಗಳೊಡನೆ ಹೊರಳಾಡಿಸುತ್ತಾರೆ, ಸೆಲ್ಯುಲೋಸನ್ನು ತಿನ್ನುವ ಕಿಣ್ವಗಳಲ್ಲಿ ಅದ್ದುತ್ತಾರೆ, ಮಂಡಿಯನ್ನು ಉಜ್ಜಿ ಹರಿಯುತ್ತಾರೆ. ಮೂರು ವರ್ಷ ಬಾಳಬೇಕಾದುದರ ಆಯುಸ್ಸಿನಲ್ಲಿ ಒಂದು ಪಾಲನ್ನು ಕಾರ್ಖಾನೆಯಲ್ಲಿಯೇ ಕಳೆದು, ಆ ಕಳೆದುದಕ್ಕಾಗಿ ನಮ್ಮಿಂದ ಹೆಚ್ಚು ಹಣ ಪಡೆಯುತ್ತಾರೆ. ಇದು ಹಣದ ಮಾತಾಯಿತು. ಪ್ರಾಣದ ಮಾತೂ ಇದೆ. ಮಸಕು ಬರಿಸಲು ಬಟ್ಟೆಯ ಮೇಲೆ ಮರಳನ್ನು ರಭಸದಿಂದ ಊದುವ ಪದ್ಧತಿಯೊಂದಿತ್ತು. ತುರ್ಕಿ ದೇಶದ ಸಣ್ಣ ಸಣ್ಣ ಕೋಣೆಗಳಲ್ಲಿ ಆ ಕೆಲಸ ಮಾಡುತ್ತಿದ್ದ ತರುಣರು ಉಸಿರಾಡಲಾರದೆ ಆಸ್ಪತ್ರೆ ಸೇರತೊಡಗಿದರು. ಗಣಿಗಳಲ್ಲಿ ದಶಕಗಳ ದುಡಿಮೆಯ ಮೇಲೆ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ಇವರಿಗೆ ಕೆಲವೇ ವರ್ಷಗಳಲ್ಲಿ ಬಂದಿತ್ತು; ಹಲವರು ಸತ್ತರು. ಆ ದೇಶ 2009ರಲ್ಲಿ ಈ ಪದ್ಧತಿಯನ್ನು ನಿಷೇಧಿಸಿತು. ಸತ್ತವರಲ್ಲಿ ಅನೇಕರು ಈ ಲೇಖನವನ್ನು ಓದುತ್ತಿರುವ ನಿಮಗಿಂತ ಬಹಳ ದೊಡ್ಡವರೇನೂ ಆಗಿರಲಿಲ್ಲ. ಮಂಡಿಯ ಮೇಲಿನ ಬಿಳಿಯ ಮಸಕನ್ನು ನಮ್ಮ ನಡಿಗೆಯಿಂದಲೇ ಪಡೆಯಲು ನಮಗೇಕೆ ತಾಳ್ಮೆಯಿಲ್ಲವೋ ನಾನರಿಯೆ.

ಕತ್ತರಿಕೆಯ ವಿಚಾರದಲ್ಲಿ ಕನ್ನಡಿ ಒಳ್ಳೆಯ ಸಲಹೆಗಾರನಲ್ಲ. ಕನ್ನಡಿಯ ಮುಂದೆ ನಾವು ನಿಂತಿರುತ್ತೇವೆ, ತರಗತಿಯಲ್ಲಿ ಕುಳಿತಿರುತ್ತೇವೆ. ಮಂಡಿ ಮಡಿಸಿದಾಗ ಅದರ ಮೇಲಿನ ಚರ್ಮ ಉದ್ದುದ್ದಕ್ಕೆ ಮೂರರಲ್ಲೊಂದು ಪಾಲಿಗಿಂತಲೂ ಹೆಚ್ಚಾಗಿ ಹಿಗ್ಗುತ್ತದೆ. ಬಟ್ಟೆ ಅಷ್ಟು ಹಿಗ್ಗಲಾರದು. ಒಂದೋ ಸಡಿಲವಿದ್ದು ಜಾರಬೇಕು, ಇಲ್ಲವೇ ಸೊಂಟವನ್ನು ಕೆಳಕ್ಕೆಳೆಯಬೇಕು. ಬಿಗಿಯಾದ ಷರಾಯಿಯ ಸೊಂಟವನ್ನು ಹಿಂದಿನಿಂದ ಮತ್ತೆ ಮತ್ತೆ ಮೇಲಕ್ಕೆಳೆದುಕೊಳ್ಳುವವರ ಕಷ್ಟಕ್ಕೆ ಕಾರಣ ಮಂಡಿಯಲ್ಲಿದೆ. ಈ ಕೊರತೆಯನ್ನು ನೀಗಿಸಲೆಂದು ಶೇಕಡಾ ಒಂದೆರಡರಷ್ಟು ಇಲಾಸ್ಟೇನ್ ಬೆರೆಸುವುದುಂಟು. 1958ರಲ್ಲಿ ಅಮೆರಿಕದ ಜೋಸೆಫ್ ಶಿವರ್ಸ್ ರೂಪಿಸಿದ ಈ ನಾರು ತನ್ನ ಉದ್ದದ ಐದು ಪಟ್ಟಿಗೂ ಮೀರಿ ಹಿಗ್ಗಿ ಮತ್ತೆ ಕುಗ್ಗುತ್ತದೆ. ನಿತ್ಯದ ಷರಾಯಿಯಲ್ಲಿ ಅದು ಇರುವುದು ಹಿತವೇ. ಆದರೆ ಬ್ಲೀಚಿಂಗ್ ಪುಡಿಗೂ ಅತಿ ಕಾವಿಗೂ ಅದು ಬೇಗ ಸೋಲುತ್ತದೆ. ಸೋತ ಮೇಲೆ ಮಂಡಿಯ ಬಳಿ ಬಟ್ಟೆ ಜೋಳಿಗೆಯಂತೆ ಜೋತುಬೀಳುತ್ತದೆ. ಹುಡುಗಿಯರಿಗಾಗಿ ಹೊಲಿದ ಷರಾಯಿಗಳಲ್ಲಿ ಜೇಬಿನ ಬಾಯಿಯನ್ನು ಮಾತ್ರ ಹೊಲಿದು ಜೇಬನ್ನೇ ಇಡದಿರುವುದು ಯಾವ ವಿನ್ಯಾಸವೋ ತಿಳಿಯದು. ನನ್ನ ಮೊಮ್ಮಗಳು ಇದನ್ನು ಬರೆಯಲೇಬೇಕೆಂದು ಹೇಳಿದ್ದರಿಂದ ಬರೆದಿದ್ದೇನೆ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಎಲ್ಲ ಊರಿಗೂ ಒಂದೇ ಉತ್ತರವಿಲ್ಲ. ಕಲಬುರಗಿಯ ಒಣ ಸೆಕೆಯಲ್ಲಿ ಬೆವರು ಬೇಗ ಆರುತ್ತದೆ. ಹಗುರವಾದ, ಸ್ವಲ್ಪ ಸಡಿಲವಾದ ಹತ್ತಿಯ ಟ್ವಿಲ್ಲಿಗೆ ಅಲ್ಲಿ ಸಾಟಿಯಿಲ್ಲ. ಮಂಗಳೂರಿನಲ್ಲಿ ಗಾಳಿಯೇ ನೀರು ತುಂಬಿಕೊಂಡಿರುವುದರಿಂದ ಹತ್ತಿ ಹೀರಿದ ಬೆವರು ಹೊರಹೋಗಲು ದಾರಿ ಕಾಣದು. ಅಲ್ಲಿ ಸಡಿಲತನವೇ ನಾರಿಗಿಂತ ಮುಖ್ಯ, ಏಕೆಂದರೆ ನಡೆಯುವಾಗ ಗಾಳಿ ಒಳಗೆ ಆಡಬೇಕು. ಆಗುಂಬೆ, ಮಡಿಕೇರಿಗಳ ಮಳೆಗಾಲದಲ್ಲಿ ಚದರ ಮೀಟರಿಗೆ 400 ಗ್ರಾಂ ತೂಗುವ ಜೀನ್ಸ್ ಮೂರು ದಿನವಾದರೂ ಒಣಗದೆ ಮುಗ್ಗುಲು ವಾಸನೆ ಬೀರುತ್ತದೆ. ಪಾಲಿಯೆಸ್ಟರ್ ಹೆಚ್ಚಾಗಿರುವ ಬೆರಕೆಯೇ ಅಲ್ಲಿ ಜಾಣತನ. ಅದನ್ನು ಒಗೆದಾಗ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳು ನೀರಿಗೆ ಸೇರುತ್ತವೆಂಬುದು ನಿಜ. ಒಂದೇ ಉಡುಪು ಒಂದು ಒಗೆತದಲ್ಲಿ 1,900ಕ್ಕೂ ಹೆಚ್ಚು ಎಳೆಗಳನ್ನು ಬಿಡಬಲ್ಲುದೆಂದು ಮಾರ್ಕ್ ಬ್ರೌನ್ ಮತ್ತು ಸಂಗಡಿಗರು 2011ರಲ್ಲಿ ತೋರಿಸಿದರು. ಅಗತ್ಯವಿದ್ದಾಗ ಮಾತ್ರ ಒಗೆಯುವುದು ಬಟ್ಟೆಗೂ ನದಿಗೂ ಕ್ಷೇಮ.

ಪ್ರಯೋಗಶಾಲೆಗೆ ಹೋಗುವವರಿಗೆ ಒಂದು ಮಾತು. ದುರ್ಬಲ ಗಂಧಕಾಮ್ಲದ ಹನಿ ಹತ್ತಿಯ ಮೇಲೆ ಬಿದ್ದರೆ ನೀರು ಆರಿ, ಆಮ್ಲ ಗಟ್ಟಿಯಾಗಿ ಸೆಲ್ಯುಲೋಸನ್ನು ಮುರಿಯುತ್ತದೆ. ಮುಂದಿನ ಒಗೆತದಲ್ಲಿ ಅಲ್ಲಿ ತೂತು ಕಾಣುತ್ತದೆ. ಪಾಲಿಯೆಸ್ಟರ್ ಇದನ್ನು ಚೆನ್ನಾಗಿ ತಡೆಯುತ್ತದೆ. ಆದರೂ ಬೆಂಕಿಯ ಬಳಿ ಹತ್ತಿಯನ್ನೇ ತೊಡಿರಿ, ಮೇಲೊಂದು ಹತ್ತಿಯ ಕೋಟನ್ನೂ ಹಾಕಿಕೊಳ್ಳಿರಿ. ತೂತು ಬಟ್ಟೆಗೆ ಬಿದ್ದರೆ ತೇಪೆ ಹಾಕಬಹುದು. ಸುಮಾರು 260 ಡಿಗ್ರಿಯಲ್ಲಿ ಕರಗುವ ಪ್ಲಾಸ್ಟಿಕ್ಕು ಚರ್ಮಕ್ಕೆ ಅಂಟಿಕೊಂಡರೆ ಏನಾಗುತ್ತದೆಂಬುದನ್ನು ನನ್ನ ತೊಡೆ ಬಲ್ಲುದು.

ಅಂಗಡಿಯಲ್ಲಿ ಮಾಡಬಹುದಾದ ಪರೀಕ್ಷೆಗಳು ಸುಲಭವಾದುವು. ಒಳಚೀಟಿಯನ್ನು ಓದಿರಿ. ಬಟ್ಟೆಯ ಮೂಲೆಯನ್ನು ಮುಷ್ಟಿಯಲ್ಲಿ ಅರ್ಧ ನಿಮಿಷ ಹಿಸುಕಿ ಬಿಟ್ಟು ನೋಡಿರಿ. ತೊಟ್ಟು ನೋಡುವ ಕೋಣೆಯಲ್ಲಿ ನಾಚದೆ ಕುಕ್ಕರಗಾಲಿನಲ್ಲಿ ಕುಳಿತು ಏಳಿರಿ. ಒಳಹೊಲಿಗೆಯಲ್ಲಿ ಅಗಲಿಸಲು ಬಟ್ಟೆ ಬಿಟ್ಟಿದ್ದಾರೆಯೇ ಎಂದು ತಿರುಗಿಸಿ ನೋಡಿರಿ. ನಿಮ್ಮ ವಯಸ್ಸಿನಲ್ಲಿ ಅದು ಬೇಕಾದೀತು. ಇಸ್ತ್ರಿಪೆಟ್ಟಿಗೆಯ ಚಿತ್ರದೊಳಗೆ ಒಂದು ಚುಕ್ಕೆಯಿದ್ದರೆ 110 ಡಿಗ್ರಿ, ಎರಡಿದ್ದರೆ 150, ಮೂರಿದ್ದರೆ 200 ಡಿಗ್ರಿಯವರೆಗಿನ ಕಾವಿಗೆ ಅನುಮತಿಯಿದೆಯೆಂದರ್ಥ.

ಕೊನೆಯ ಪರೀಕ್ಷೆಯನ್ನು ನಾವಿಬ್ಬರೂ ಅಂದು ಮನೆಯಲ್ಲಿಯೇ ಮಾಡಿದೆವು. ಹೊಸ ಷರಾಯಿಯ ಅಂಚು ಮಡಿಕೆಯಿಂದ ಒಂದು ನೂಲನ್ನೂ, ನನ್ನ ಹಳೆಯ ಹತ್ತಿಯ ಷರಾಯಿಯಿಂದ ಇನ್ನೊಂದನ್ನೂ ಎಳೆದು, ಚಿಮಟದಲ್ಲಿ ಹಿಡಿದು ದೀಪಕ್ಕೆ ಒಡ್ಡಿದೆವು. ನನ್ನದು ಕಾಗದದಂತೆ ಉರಿದು ಬೂದಿಯಾಯಿತು. ಅವನದು ಜ್ವಾಲೆಯಿಂದ ಮುದುಡಿ ಹಿಂದೆಗೆದು, ಕರಗಿ, ಸಾಸಿವೆಯಷ್ಟು ಕಪ್ಪು ಮಣಿಯಾಯಿತು. ಅವನು ಆ ಮಣಿಯನ್ನು ಬಹಳ ಹೊತ್ತು ಉಗುರಿನಿಂದ ಒತ್ತಿ ನೋಡುತ್ತಿದ್ದನು.

ಆ ಷರಾಯಿಯೇನೂ ವ್ಯರ್ಥವಾಗಲಿಲ್ಲ. ಹುಡುಗನಿಗೆ ಸೀಟು ದೊರೆತುದು ಶಿವಮೊಗ್ಗದಲ್ಲಿ. ಆಷಾಢದ ಮಳೆಯಲ್ಲಿ ರಾತ್ರಿ ಒಗೆದು ಹಾಸ್ಟೆಲಿನ ಕಿಟಕಿಗೆ ಹರವಿದರೆ ಬೆಳಗ್ಗೆ ಒಣಗಿರುತ್ತದೆಂದು ಫೋನಿನಲ್ಲಿ ಹೇಳಿದನು. ರಸಾಯನಶಾಸ್ತ್ರದ ಪ್ರಯೋಗವಿರುವ ಬುಧವಾರಕ್ಕೆಂದು ಅಲ್ಲಿಯ ದರ್ಜಿಯೊಬ್ಬನ ಬಳಿ ಹತ್ತಿಯ ಟ್ವಿಲ್ಲಿನಲ್ಲಿ ಇನ್ನೊಂದನ್ನು ಹೊಲಿಸಿದ್ದಾನಂತೆ. ಅಳತೆ ಕೊಡುವಾಗ ಕುಳಿತು ತೋರಿಸಿದನೆಂದೂ, ದರ್ಜಿ ನಕ್ಕು ಮಂಡಿಯ ಬಳಿ ಅರ್ಧ ಅಂಗುಲ ಹೆಚ್ಚಿಗೆ ಬಿಟ್ಟನೆಂದೂ ಹೇಳಿದನು.